ಮೇಲೂರಿನಿಂದ ಬಂದ ಸಂಬಂಧ

ಶಿಡ್ಲಘಟ್ಟ
೧೨ ಜೂನ್ ೧೯೬೦

ಗಂಗುಲಪ್ಪ,

ನೀನು ಮುಂಬಯಿ ಸೇರಿದ ಸುದ್ದಿ ಕಾರ್ಡಿನಿಂದ ತಿಳಿಯಿತು. ಕಾರ್ಡಿನ ತುಂಬ ನಾಲ್ಕೇ ಸಾಲು. ಆದರೂ ಇಲ್ಲಿದ್ದಾಗ ನೀನು ಆಡಿದ ಮಾತಿಗಿಂತ ಅದೇ ಹೆಚ್ಚು ಅನ್ನಿಸಿತು.

ಬೈಯುವುದಕ್ಕೆ ಬರೆಯುತ್ತಿಲ್ಲ. ಒಂದು ಸಲ ಕೇಳಿ ಮರೆತುಬಿಡುತ್ತೇನೆ. ಅವತ್ತು ಸ್ಟೇಷನ್ನಿನಲ್ಲಿ ನೀನು ಗಾಡಿ ಹತ್ತಲು ಹೊರಟಾಗ ರೊಟ್ಟಿಯ ಗಂಟು ನನ್ನ ಕೈಯಲ್ಲೇ ಉಳಿದಿತ್ತು. ಹಿಂದಿನಿಂದ ಕೂಗಿದೆ, ಮತ್ತೆ ಮತ್ತೆ ಕೂಗಿದೆ. ಪ್ಲಾಟ್‌ಫಾರಮ್ಮಿನಲ್ಲಿದ್ದವರೆಲ್ಲ ತಿರುಗಿ ನೋಡಿದರು, ನೀನೊಬ್ಬನೇ ನೋಡಲಿಲ್ಲ. ನೇರವಾಗಿ ಹೋಗಿ ಡಬ್ಬಿಯಲ್ಲಿ ಕೂತುಬಿಟ್ಟೆ. ಪಕ್ಕದ ಮನೆಯ ಓಬಳಮ್ಮ ನನ್ನ ಜೊತೆಯಲ್ಲೇ ಇದ್ದಳಲ್ಲ, ದಾರಿಯುದ್ದಕ್ಕೂ ಅದನ್ನೇ ಅಂದಳು: "ಏಮಮ್ಮಾ, ನಿನ್ ತಮ್ಮ ಬೊಂಬಾಯಿ ದೊರೆ ಆಗ್ಬಿಟ್ಟವ್ನೆ. ನಮ್ಮಂಥೋರು ಕೂಗಿದ್ರೆ ತಿರುಗ್ತಾನಾ?" ಅವನ ತಲೆಯಲ್ಲಿ ಏನೋ ಕೆಲಸದ ಯೋಚನೆ ಇರುತ್ತದೆ ಎಂದು ಅವಳಿಗೆ ಹೇಳಿದೆ. ನನಗೂ ಅದನ್ನೇ ಹೇಳಿಕೊಂಡೆ.

ಮನೆಯಲ್ಲೂ ನೀನು ಹಾಗೇ ಮಾಡಿದೆ. ಯಾರು ಏನು ಕೇಳಿದರೂ ಒಂದು ನಗು, ಒಂದು ತಲೆಯಾಟ. ಸಂಜೆಯಾದರೆ ಕೆರೆ ಕಟ್ಟೆಯ ಕಡೆ ಒಬ್ಬನೇ ಹೋಗಿಬಿಡುತ್ತಿದ್ದೆ. ಅಮ್ಮ ಹೋದ ಮೇಲೆ ನಿನಗೆ ನಾನು, ನನಗೆ ನೀನು ಅಂತ ಇದ್ದವರು ನಾವು. ನನ್ನ ಮೇಲೆ ಏನಾದರೂ ಬೇಸರವಿದ್ದರೆ ಬರೆ.

ಶಾಲೆ ಶುರುವಾಗಿದೆ. ನನ್ನ ತಮ್ಮ ಬೆಂಕಿಯಿಲ್ಲದ, ನೀರಿಲ್ಲದ ರೈಲು ಎಂಜಿನ್ ರಿಪೇರಿ ಮಾಡುತ್ತಾನೆ ಎಂದು ಹೇಳಿದರೆ ಹುಡುಗಿಯರು ನಂಬುವುದಿಲ್ಲ. ಬೆಂಕಿಯಿಲ್ಲದೆ ಹೇಗೆ ಓಡುತ್ತದೆ ಎಂದು ಕೇಳುತ್ತಾರೆ. ಬೇರೇನೂ ಬರೆಯದಿದ್ದರೂ ಅದನ್ನಾದರೂ ಬರೆ.

ಅಕ್ಕ
ಮುನಿಗಂಗಮ್ಮ


ಮುಂಬಯಿ
೩ ಜುಲೈ ೧೯೬೦

ಅಕ್ಕ,

ಬೇಸರ ಎಂಥದ್ದೂ ಇಲ್ಲ. ಗಾಡಿಯ ಸದ್ದಿನಲ್ಲಿ ನೀನು ಕೂಗಿದ್ದು ಗೊತ್ತಾಗಲಿಲ್ಲ. ರೊಟ್ಟಿ ಬಿಟ್ಟು ಬಂದದ್ದಕ್ಕೆ ಅರಸೀಕೆರೆಯ ತನಕ ಬೈದುಕೊಂಡೆ. ಇನ್ನು ಮಾತು ಕಡಿಮೆಯಾದದ್ದು, ಅದು ಈ ಕೆಲಸದ ಗುಣ. ಈಗೀಗ ನನಗೆ ಮಾತಿಗಿಂತ ಬರೆಯುವುದೇ ಸಲೀಸು.

ಹುಡುಗಿಯರಿಗೆ ಹೀಗೆ ಹೇಳು. ನಮ್ಮದು ಯುದ್ಧದ ಕಾಲದಲ್ಲಿ ಅಮೆರಿಕದಿಂದ ಹಡಗಿನಲ್ಲಿ ಬಂದ ಡೀಸೆಲ್ ಲೋಕೋ. ನಡುವೆ ಡ್ರೈವರನ ಕೋಣೆ, ಅದರ ಹಿಂದೊಂದು ಎಂಜಿನ್, ಮುಂದೊಂದು ಎಂಜಿನ್. ಆದರೆ ಆ ಎಂಜಿನ್ನುಗಳು ಗಾಲಿಯನ್ನು ಮುಟ್ಟುವುದೇ ಇಲ್ಲ. ಅವು ಜನರೇಟರನ್ನು ತಿರುಗಿಸುತ್ತವೆ. ಜನರೇಟರಿನಿಂದ ಹುಟ್ಟಿದ ಕರೆಂಟು ಹೆಬ್ಬೆರಳಿಗಿಂತ ದಪ್ಪದ ಕೇಬಲ್ಲುಗಳಲ್ಲಿ ಇಳಿದು ಗಾಲಿಯ ಪಕ್ಕದ ಮೋಟಾರಿಗೆ ಹೋಗುತ್ತದೆ. ಗಾಲಿಯನ್ನು ತಿರುಗಿಸುವುದು ಆ ಮೋಟಾರು. ನಮ್ಮ ಕಡೆ ಪಂಪ್‌ಸೆಟ್ಟಿಗೆ ಕರೆಂಟು ಎಲ್ಲಿಂದಲೋ ತಂತಿಯಲ್ಲಿ ಬರುತ್ತದಲ್ಲ, ಈ ಗಾಡಿ ತನಗೆ ಬೇಕಾದ ಕರೆಂಟನ್ನು ತಾನೇ ಮಾಡಿಕೊಂಡು ಓಡಾಡುತ್ತದೆ.

ಸದ್ಯಕ್ಕೆ ಮಾತ್ರ ಓಡುತ್ತಿಲ್ಲ. ನಮ್ಮ ಷೆಡ್ಡಿನಲ್ಲಿ ಇಂಥವು ಎರಡು ಸತ್ತು ನಿಂತಿವೆ. ಒಂದರ ಎಂಜಿನ್ ಸೀಳಿದೆ, ಇನ್ನೊಂದರ ಜನರೇಟರುಗಳು ಸುಟ್ಟಿವೆ. ಎರಡೂ ಸೇರಿ ಸುಡದೆ ಉಳಿದ ಜನರೇಟರು ಒಂದೇ. ಬಿಡಿ ಸಾಮಾನು ಈಗ ಸಿಗುವುದಿಲ್ಲ. ಎರಡನ್ನೂ ಬಿಚ್ಚಿ ಒಂದನ್ನು ಎಬ್ಬಿಸಿ ಎಂದು ಸಾಹೇಬರು ನನಗೂ ನಲ್ಲಪ್ಪನಿಗೂ ಒಪ್ಪಿಸಿದ್ದಾರೆ. ನಲ್ಲಪ್ಪ ಕೋಲಾರ ಚಿನ್ನದ ಗಣಿಯವನು, ನಮ್ಮ ಭಾಷೆ ಬಲ್ಲ. ಎದ್ದರೆ ಡೀಸೆಲ್ ಗ್ಯಾಂಗಿನ ಚಾರ್ಜು ನನಗೆ ಬರುತ್ತದೆ. ಏಳದಿದ್ದರೆ ಎರಡೂ ಗುಜರಿಗೆ ಹೋಗುತ್ತವೆ, ನನ್ನನ್ನು ವ್ಯಾಗನ್ ರಿಪೇರಿಗೆ ಹಾಕುತ್ತಾರೆ. ಇಂಥ ಯಂತ್ರದ ಮೇಲೆ ಕೈಯಿಟ್ಟವನಿಗೆ ವ್ಯಾಗನ್ ರಿಪೇರಿ ಎಂದರೆ ಏನು ಎಂದು ನಿನಗೆ ಹೇಗೆ ತಿಳಿಸಲಿ.

ನಿನ್ನ
ಗಂಗುಲಪ್ಪ


ಶಿಡ್ಲಘಟ್ಟ
೨೦ ನವೆಂಬರ್ ೧೯೬೦

ಗಂಗುಲಪ್ಪ,

ನಿನ್ನ ಕಾಗದವನ್ನು ತರಗತಿಯಲ್ಲಿ ಓದಿದೆ. ಹಾಗಾದರೆ ರೈಲನ್ನು ಎಳೆಯುವವರು ಯಾರು, ಎಂಜಿನ್ನೋ ಮೋಟಾರೋ ಎಂದು ಹುಡುಗಿಯರು ಜಗಳಕ್ಕೆ ಬಿದ್ದರು. ಅದೇ ಹೊತ್ತಿಗೆ ಮೇಲೂರಿನಿಂದ ರೇಷ್ಮೆ ಇಲಾಖೆಯ ವೆಂಕಟರಾಯಪ್ಪನವರು ಬಂದಿದ್ದರು. ಹುಡುಗಿಯರಿಗೆ ರೇಷ್ಮೆ ಚಿಟ್ಟೆ, ಮೊಟ್ಟೆ ತೋರಿಸುವುದಕ್ಕೆ ಆಗಾಗ ಬರುತ್ತಾರೆ. ಗಲಾಟೆ ಕೇಳಿ ನಿನ್ನ ಕಾಗದ ಓದಬಹುದೇ ಎಂದು ನನ್ನನ್ನು ಕೇಳಿದರು. ಓದಿ, ಬೋರ್ಡಿನ ಮೇಲೆ ನಿನ್ನ ಲೋಕೋ ಚಿತ್ರ ಬರೆದರು. ಚಿತ್ರ ಚೆನ್ನಾಗಿತ್ತು. ಅದನ್ನು ಒರೆಸಲು ಮನಸ್ಸು ಬರದೆ ಮಾರನೆಯ ದಿನದ ಲೆಕ್ಕವನ್ನು ಮೂಲೆಯಲ್ಲೇ ಬರೆಸಿದೆ.

ಅವರೂ ನಮ್ಮ ಜನವೇ, ದಿಬ್ಬೂರಹಳ್ಳಿಯ ಕಡೆಯವರು. ಹೆಂಡತಿ ಹೋಗಿ ಕೆಲವು ವರ್ಷವಾಯಿತು, ಮಕ್ಕಳಿಲ್ಲ. ಈಗ ಶುಕ್ರವಾರ ಮನೆಗೆ ಬಂದರೆ ಮೊದಲು ಕೇಳುವುದು ನಿನ್ನ ಕಾಗದವನ್ನೇ. ಹೆಚ್ಚು ಮಾತಿನವರಲ್ಲ. ಕೂತು ಕಾಫಿ ಕುಡಿದು ಹೋಗುತ್ತಾರೆ. ಒಬ್ಬಳೇ ಬೇಯಿಸಿ ಒಬ್ಬಳೇ ಉಣ್ಣುವುದು ನನಗೆ ಇಷ್ಟು ವರ್ಷದ ಅಭ್ಯಾಸ, ಏನೂ ಅನ್ನಿಸುತ್ತಿರಲಿಲ್ಲ. ಈಗ ಯಾಕೋ ಶನಿವಾರ ಬಂದರೆ ಮನೆ ದೊಡ್ಡದಾಗಿ ಕಾಣುತ್ತದೆ. ಇರಲಿ.

ನಿನ್ನ ಲೋಕೋ ಎದ್ದಿತೇ?

ಅಕ್ಕ
ಮುನಿಗಂಗಮ್ಮ


ಮುಂಬಯಿ
೧೫ ಜನವರಿ ೧೯೬೧

ಅಕ್ಕ,

ಅರ್ಧ ಎದ್ದಿದೆ! ಮುಂದಿನ ಎಂಜಿನ್ ಜೋಡಿಸಿ, ಸುಡದೆ ಉಳಿದಿದ್ದ ಜನರೇಟರನ್ನು ಅದಕ್ಕೆ ಕೂರಿಸಿದೆವು. ಹಿಂದಿನ ಎಂಜಿನ್ ಇನ್ನೂ ಬಿಚ್ಚಿದ ಸ್ಥಿತಿಯಲ್ಲೇ ಇದೆ. ಒಂದೇ ಎಂಜಿನ್ನಿನ ಮೇಲೆ ಮೊನ್ನೆ ಷೆಡ್ಡಿನಿಂದ ಹೊರಗೆ ತಂದೆವು.

ನೇರ ಹಳಿಯ ಮೇಲೆ ಚೆನ್ನಾಗಿ ಹೋಯಿತು. ಹಡಗುಕಟ್ಟೆಯ ಕಡೆ ತಿರುವು ಬಂದ ಕೂಡಲೇ ಕರೆಂಟು ಕಡಿದು ನಿಂತಿತು. ಎಲ್ಲಾದರೂ ಕರೆಂಟು ಸೋರಿ ಗಾಡಿಯ ಮೈಗೆ ತಗುಲಿದರೆ, ತಾನಾಗಿ ಬಿದ್ದು ಎಲ್ಲವನ್ನೂ ನಿಲ್ಲಿಸುವ ಒಂದು ರಿಲೇ ಇದೆ. ಅದು ಬಿದ್ದಿತ್ತು. ವಾಪಸು ಷೆಡ್ಡಿಗೆ ತಂದು ಪರೀಕ್ಷಿಸಿದರೆ ಎಲ್ಲೂ ಸೋರಿಕೆಯಿಲ್ಲ. ಮತ್ತೆ ತಿರುವಿಗೆ ಹೋದರೆ ಮತ್ತೆ ಬೀಳುತ್ತದೆ. ಮೋಟಾರುಗಳನ್ನು ಒಂದೊಂದಾಗಿ ಬೇರ್ಪಡಿಸಿ ನೋಡಿದೆವು. ಮೂರನೆಯದನ್ನು ಬಿಡಿಸಿದರೆ ಮಾತ್ರ ಬೀಳುತ್ತಿರಲಿಲ್ಲ. ಆ ಮೋಟಾರನ್ನೇ ಇಳಿಸಬೇಕೆಂದು ಎಲ್ಲರೂ ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಮೋಟಾರು ಕೆಟ್ಟಿದ್ದರೆ ನೇರ ಹಳಿಯಲ್ಲೂ ಕೆಡಬೇಕಲ್ಲ. ಗಾಡಿಯನ್ನು ತಿರುವಿನಲ್ಲೇ ನಿಲ್ಲಿಸಿ, ಎಂಜಿನ್ ಆರಿಸಿ, ಕೆಳಗೆ ನುಗ್ಗಿದೆ. ತಿರುವಿನಲ್ಲಿ ಗಾಲಿಗಳ ಚೌಕಟ್ಟು ಹೊರಳುತ್ತದೆ, ಆಗ ಮೂರನೆಯ ಮೋಟಾರಿನ ಕೇಬಲ್ಲು ಬಿಗಿಯಾಗಿ ಒಂದು ಕಬ್ಬಿಣದ ಅಂಚಿಗೆ ಒತ್ತುತ್ತಿತ್ತು. ಕಣ್ಣಿಗೆ ಕಾಣದ ಹಿಂಬದಿಯಲ್ಲಿ ಬೆರಳಾಡಿಸಿದೆ. ರಬ್ಬರು ಸವೆದು ರಾಗಿಕಾಳಿನಷ್ಟು ತಾಮ್ರ ಹೊರಗಿತ್ತು.

ನಲ್ಲಪ್ಪ ಕಬ್ಬಿಣದ ಸಲಾಕೆಯನ್ನು ಎಂಜಿನ್ನಿಗಿಟ್ಟು ಇನ್ನೊಂದು ತುದಿಯನ್ನು ಕಿವಿಗಿಟ್ಟು ದೋಷ ಹಿಡಿಯುತ್ತಾನೆ. ನಾನು ಅಂಗೈ ಇಟ್ಟು ಹಿಡಿಯುತ್ತೇನೆ. ಅದಕ್ಕೆ ಅವನು ನಗುತ್ತಾನೆ. ಭಾನುವಾರ ಮನೆಗೆ ಊಟಕ್ಕೆ ಕರೆಯುತ್ತಾನೆ, ನಾನು ಹೋಗುವುದಿಲ್ಲ. ಅವನ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. ಭಾನುವಾರ ಸಮುದ್ರದ ದಂಡೆಯಲ್ಲಿ ಕೂತು ಬರುತ್ತೇನೆ.

ನಿಮ್ಮ ರೇಷ್ಮೆಯವರಿಗೆ ಹೇಳು, ಬೋರ್ಡಿನ ಚಿತ್ರಕ್ಕೆ ಆ ರಿಲೇಯನ್ನೂ ಸೇರಿಸಲಿ.

ಗಂಗುಲಪ್ಪ


ಶಿಡ್ಲಘಟ್ಟ
೧೮ ಫೆಬ್ರವರಿ ೧೯೬೧

ಗಂಗುಲಪ್ಪ,

ಈ ಕಾಗದವನ್ನು ಎರಡು ಸಲ ಬರೆದು ಹರಿದೆ. ಈಗ ಇದ್ದ ಹಾಗೆ ಕಳಿಸುತ್ತೇನೆ.

ಮೇಲೂರಿನಿಂದ ಒಂದು ಸಂಬಂಧ ಬಂದಿದೆ. ವೆಂಕಟರಾಯಪ್ಪನವರು ಓಬಳಮ್ಮನ ಬಾಯಿಂದ ಮಾತೆತ್ತಿಸಿದರು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ತಮ್ಮನನ್ನು ಕೇಳಬೇಕು, ಅವನು ಒಪ್ಪಿದರೆ ಮಾತ್ರ ಎಂದೆ. ನನ್ನ ಮನಸ್ಸು ನಿನಗೆ ಗೊತ್ತಾಗುತ್ತದೆ ಎಂದುಕೊಂಡಿದ್ದೇನೆ. ಇಂಥದ್ದನ್ನು ಬಿಡಿಸಿ ಬರೆಯುವುದಕ್ಕೆ ನಾಚಿಕೆ. ವಯಸ್ಸು ಮೀರಿತು ಎನ್ನುವವರು ಅನ್ನಲಿ. ಒಂದು ಮನೆ, ಅದರಲ್ಲಿ ಒಬ್ಬರಿಗೊಬ್ಬರು ಮಾತಾಡಿಕೊಂಡಿರುವುದು, ಅಷ್ಟಾದರೆ ಬೇರೇನು ಬೇಕು.

ಯುಗಾದಿಗೆ ಬಾ. ಎದುರಿಗೆ ಕೂತು ಮಾತಾಡೋಣ. ಬರುವವರೆಗೆ ಅವರಿಗೆ ಏನೂ ಹೇಳುವುದಿಲ್ಲ.

ಅಕ್ಕ
ಮುನಿಗಂಗಮ್ಮ


ಮುಂಬಯಿ
೬ ಮಾರ್ಚ್ ೧೯೬೧

ಅಕ್ಕ,

ಆ ಸಂಬಂಧ ಬೇಡ.

ನಿನಗೆ ನೋವಾಗುತ್ತದೆ ಎಂದು ಗೊತ್ತು. ಆದರೂ ಬೇಡ. ಈ ವಯಸ್ಸಿನಲ್ಲಿ ಹಸೆಯ ಮೇಲೆ ಕೂತರೆ ಜನ ನಗುತ್ತಾರೆ. ಮೊದಲ ದಿನವಲ್ಲದಿದ್ದರೆ ಮೂರನೆಯ ದಿನ ನಗುತ್ತಾರೆ. ಒಂದು ಮನೆಯಲ್ಲಿ ಇಬ್ಬರು ಇದ್ದ ಮಾತ್ರಕ್ಕೆ ಒಂಟಿತನ ಹೋಗುವುದಿಲ್ಲ. ನಾವಿಬ್ಬರೂ ಇಷ್ಟು ವರ್ಷ ಇದ್ದಂತೆಯೇ ಇದ್ದುಬಿಡೋಣ. ಕಾರಣ ಕೇಳಬೇಡ.

ವೆಂಕಟರಾಯಪ್ಪನವರಿಗೆ ನೀನೇ ಹೇಳಿಬಿಡು. ಯುಗಾದಿಗೆ ಬರಲು ರಜೆ ಸಿಗುವುದಿಲ್ಲ.

ಗಂಗುಲಪ್ಪ


ಶಿಡ್ಲಘಟ್ಟ
೨ ಏಪ್ರಿಲ್ ೧೯೬೧

ಗಂಗುಲಪ್ಪನವರಿಗೆ,

ನಿಮ್ಮ ಕಾಗದ ತಲುಪಿತು. ನೀವು ಹೇಳಿದಂತೆಯೇ ಅವರಿಗೆ ಹೇಳಿದೆ. ಜನ ನಗುವಂಥದ್ದು ಇಲ್ಲಿ ಏನೂ ನಡೆಯುವುದಿಲ್ಲ. ನಿಶ್ಚಿಂತೆಯಾಗಿರಿ.

ಮುನಿಗಂಗಮ್ಮ


ಮುಂಬಯಿ
೧೦ ಸೆಪ್ಟೆಂಬರ್ ೧೯೬೧

ಅಕ್ಕ,

ಮಳೆಗಾಲ ಮುಗಿಯುತ್ತ ಬಂತು, ನಿನ್ನಿಂದ ಒಂದು ಸಾಲೂ ಇಲ್ಲ. ನನಗೆ "ನೀವು" ಅಂದದ್ದನ್ನು ಎಷ್ಟು ಸಲ ಓದಿದೆನೋ. ವೆಂಕಟರಾಯಪ್ಪನವರ ಮುಂದೆ ನೀನು ತಲೆ ತಗ್ಗಿಸುವಂತಾಯಿತೇನೋ. ಅವರು ಒಳ್ಳೆಯ ಮನಸ್ಸಿನಿಂದಲೇ ಮಾತೆತ್ತಿರಬೇಕು. ನನ್ನಿಂದ ಆಗದ ವಿಷಯ ಅದು, ಅಷ್ಟೇ.

ಹಿಂದಿನ ಎಂಜಿನ್ನಿನ ಕೆಲಸ ನಡೆದಿದೆ. ಎರಡು ಎಂಜಿನ್ನುಗಳ ಪಿಸ್ಟನ್ನುಗಳನ್ನು ನೆಲದ ಮೇಲೆ ಸಾಲಾಗಿಟ್ಟು ಒಳ್ಳೆಯವನ್ನು ಆರಿಸಿದೆವು. ಸುಟ್ಟ ಜನರೇಟರಿನ ತಂತಿಯನ್ನೆಲ್ಲ ಕಿತ್ತು, ಹೊಸದು ಸುತ್ತಿಸಿ, ವಾರ್ನಿಷಿನಲ್ಲಿ ಅದ್ದಿ, ಒಲೆಯಲ್ಲಿಟ್ಟು ಬೇಯಿಸಿದ್ದಾಯಿತು. ಇಲ್ಲಿಯ ಉಪ್ಪುಗಾಳಿಗೆ ಒಣಗಿದ್ದು ಮತ್ತೆ ತೇವವಾಗುತ್ತದೆ, ಮತ್ತೆ ಒಲೆಗೆ ಹಾಕುತ್ತೇವೆ.

ಹುಡುಗಿಯರಿಗೆ ಇದನ್ನು ಓದಿ ಹೇಳು. ಓದದಿದ್ದರೂ ಪರವಾಗಿಲ್ಲ, ಒಂದು ಕಾರ್ಡು ಹಾಕು.

ಗಂಗುಲಪ್ಪ


ಶಿಡ್ಲಘಟ್ಟ
೨೯ ಡಿಸೆಂಬರ್ ೧೯೬೧

ಕ್ಷೇಮವಾಗಿದ್ದೇನೆ. ಚಳಿ ಹೆಚ್ಚು. ವೆಂಕಟರಾಯಪ್ಪನವರು ಕೇಳಿಕೊಂಡು ಗೌರಿಬಿದನೂರಿಗೆ ವರ್ಗ ಮಾಡಿಸಿಕೊಂಡು ಹೋಗಿ ನಾಲ್ಕಾರು ತಿಂಗಳಾಯಿತಂತೆ. ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ.

ಮುನಿಗಂಗಮ್ಮ


ಮುಂಬಯಿ
೧೧ ಮಾರ್ಚ್ ೧೯೬೨

ಅಕ್ಕ,

ಇದನ್ನು ಬೇರೆ ಯಾರಾದರೂ ನಿನಗೆ ಹೇಳುವ ಮೊದಲು ನಾನೇ ಬರೆಯಬೇಕು. ನನಗೆ ಕಿವಿ ಕೇಳಿಸುವುದಿಲ್ಲ.

ಎರಡು ಎಂಜಿನ್ನುಗಳ ನಡುವಿನ ಆ ಕೋಣೆಯಲ್ಲಿ ವರ್ಷಗಟ್ಟಲೆ ನಿಂತದ್ದರ ಫಲ. ಮೊದಲು ಹಕ್ಕಿಗಳ ಸದ್ದು ಹೋಯಿತು. ಆಮೇಲೆ ಹೆಂಗಸರ, ಮಕ್ಕಳ ಮಾತು. ಈಗ ಗಂಡಸರು ಹತ್ತಿರ ನಿಂತು ಮುಖ ತೋರಿಸಿ ಮಾತಾಡಿದರೆ ತುಟಿ ನೋಡಿ ಅರ್ಧ ಹಿಡಿಯುತ್ತೇನೆ. ಊರಿಗೆ ಬಂದಾಗ ನೀನು ಹೇಳಿದ್ದರಲ್ಲಿ ಮುಕ್ಕಾಲು ಪಾಲು ನನಗೆ ತಿಳಿಯಲಿಲ್ಲ, ಅದಕ್ಕೇ ನಗುತ್ತಿದ್ದೆ. ಷೆಡ್ಡಿನಲ್ಲಿ ಗೊತ್ತಾದರೆ ಲೋಕೋ ಮೇಲಿನಿಂದ ಇಳಿಸುತ್ತಾರೆ ಎಂದು ಯಾರಿಗೂ ಹೇಳಿರಲಿಲ್ಲ. ಅಂಗೈಯಿಂದಲೇ ಎಂಜಿನ್ನನ್ನು ಕೇಳುವುದು ಕಲಿತಿದ್ದೆ.

ಮೊನ್ನೆ ಹಿಂದಿನ ಎಂಜಿನ್ನಿನ ಪರೀಕ್ಷೆಯಿತ್ತು. ಗಾಡಿಯನ್ನು ಓಡಿಸದೆ, ಜನರೇಟರಿನ ಕರೆಂಟನ್ನು ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಟ್ಟ ಕಬ್ಬಿಣದ ತಗಡುಗಳಿಗೆ ಕೊಡುತ್ತಾರೆ. ತಗಡು ಕೆಳಗಿಳಿದಷ್ಟೂ ಎಂಜಿನ್ನಿಗೆ ಭಾರ. ತೊಟ್ಟಿಯ ನೀರು ಕುದಿಯಲು ಶುರುವಾಯಿತು. ಸಾಹೇಬರು, ಗ್ಯಾಂಗಿನವರು ಎಲ್ಲರೂ ನಿಂತಿದ್ದರು. ನಾನು ತೊಟ್ಟಿಯ ಹತ್ತಿರ ಮೀಟರು ನೋಡುತ್ತಿದ್ದೆ, ಮುಳ್ಳು ನಾವು ಬೇಕೆಂದಲ್ಲಿಗೇ ಬಂದಿತ್ತು. ಅಕ್ಕ, ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಇನ್ನೂ ಭಾರ ಹಾಕಿ ಎಂದು ಕೈ ಮಾಡಿದೆ. ತಲೆಯೆತ್ತಿ ನೋಡಿದರೆ ಎಲ್ಲರೂ ನನ್ನ ಕಡೆ ಬಾಯಿ ಬಿಟ್ಟುಕೊಂಡು ಕೂಗುತ್ತಿದ್ದಾರೆ. ಹೊಗಳುತ್ತಿದ್ದಾರೆ ಎಂದುಕೊಂಡು ನಾನು ನಕ್ಕೆ. ಅಷ್ಟರಲ್ಲಿ ನಲ್ಲಪ್ಪ ಓಡಿ ಹೋಗಿ ಡೀಸೆಲ್ ಕಡಿದು ಎಂಜಿನ್ ನಿಲ್ಲಿಸಿದ.

ಎಣ್ಣೆಯ ದಾರಿಯಲ್ಲಿ ಕಸ ಸಿಕ್ಕಿ ಒಂದು ಬೇರಿಂಗು ಬಡಿದುಕೊಳ್ಳುತ್ತಿತ್ತಂತೆ. ಸುತ್ತಿಗೆಯಲ್ಲಿ ಹೊಡೆದಂಥ ಸದ್ದಂತೆ. ಹೊರಗೆ ಬೀದಿಯಲ್ಲಿ ಹೋಗುವವರೂ ನಿಂತು ನೋಡಿದರಂತೆ. ನನಗೆ ಏನೂ ಕೇಳಿಸಲಿಲ್ಲ. ನಲ್ಲಪ್ಪ ಬಂದು ನನ್ನ ಎರಡೂ ಭುಜ ಹಿಡಿದು, ಮುಖಕ್ಕೆ ಮುಖ ಕೊಟ್ಟು ಕೇಳಿದ. "ಯಾವಾಗಿಂದಪ್ಪ?"

ಡಾಕ್ಟರು ನೋಡಿದರು. ಇನ್ನು ಚೆನ್ನಾಗುವುದಿಲ್ಲ ಎಂದರು. ಬೇರಿಂಗು ಬದಲಾಯಿಸಿದ್ದಾರೆ, ಲೋಕೋ ಈಗ ಎರಡೂ ಎಂಜಿನ್ನಿನ ಮೇಲೆ ಹಡಗುಕಟ್ಟೆಯಲ್ಲಿ ಓಡಾಡುತ್ತಿದೆ. ಗ್ಯಾಂಗಿನ ಚಾರ್ಜು ನಲ್ಲಪ್ಪನಿಗೆ ಬಂತು. ನನ್ನನ್ನು ಮೋಟಾರಿಗೆ ತಂತಿ ಸುತ್ತುವ ವಿಭಾಗಕ್ಕೆ ಹಾಕಿದ್ದಾರೆ. ಅಲ್ಲಿ ಕಿವಿ ಬೇಕಾಗಿಲ್ಲ. ವ್ಯಾಗನ್ ರಿಪೇರಿಗೆ ಕಳಿಸದಂತೆ ನಲ್ಲಪ್ಪನೇ ಸಾಹೇಬರ ಹತ್ತಿರ ಹೋಗಿ ನಿಂತನಂತೆ.

ಈಗ ನಿನಗೆ ಅರ್ಥವಾಗಿರಬಹುದು, ಆ ಮೇಲೂರಿನ ಹುಡುಗಿಯನ್ನು ಯಾಕೆ ಬೇಡ ಅಂದೆ ಎಂದು. ಒಬ್ಬರಿಗೊಬ್ಬರು ಮಾತಾಡಿಕೊಂಡಿರುವ ಮನೆ ಎಂದು ನೀನು ಬರೆದಿದ್ದೆ. ಅವಳು ಆಡಿದ ಮಾತು ನನಗೆ ಕೇಳಿಸದೆ, ಅವಳು ಗೋಡೆಯ ಜೊತೆ ಬಾಳಿದಂತಾಗುತ್ತಿತ್ತು. ವೆಂಕಟರಾಯಪ್ಪನವರಿಗೆ ಈಗಲಾದರೂ ನಿಜ ತಿಳಿಸು. ಅವರು ತಂದ ಹುಡುಗಿಯಲ್ಲಿ ದೋಷವಿರಲಿಲ್ಲ.

ನಿನ್ನ
ಗಂಗುಲಪ್ಪ


ಶಿಡ್ಲಘಟ್ಟ
೧೮ ಮಾರ್ಚ್ ೧೯೬೨

ಅಪ್ಪ ಗಂಗುಲಪ್ಪ,

ಕಾಗದ ಓದಿ ಬಾಗಿಲು ಹಾಕಿಕೊಂಡು ಕೂತೆ. ಓಬಳಮ್ಮ ಬಂದು ಬಡಿದರೂ ತೆಗೆಯಲಿಲ್ಲ. ನನ್ನ ಕಣ್ಣೆದುರಿಗೇ ನೀನು ಕೂತಿದ್ದೆ, ನನಗೆ ಗೊತ್ತಾಗಲಿಲ್ಲ. ಎಂಥ ಅಕ್ಕ ನಾನು. ನಿನಗೆ ಹೆಮ್ಮೆ ಬಂದಿದೆ ಎಂದುಕೊಂಡೆ. ಜನರ ಮುಂದೆ ನಿನ್ನನ್ನು ಕಾಯ್ದುಕೊಂಡು ಮಾತಾಡಿದೆ, ಮನಸ್ಸಿನಲ್ಲಿ ಮಾತ್ರ ನಾನೂ ಅವರಂತೆಯೇ ನಿನ್ನನ್ನು ದೂರಿದೆ.

ಇನ್ನೊಂದು ವಿಷಯ ಬರೆಯಬಾರದು ಎಂದಿದ್ದೆ. ಬರೆಯದಿದ್ದರೆ ನೀನು ಇನ್ನೂ ಇಲ್ಲದ ಹುಡುಗಿಯ ಬಗ್ಗೆ ಕೊರಗುತ್ತಿರುತ್ತೀಯ. ಮೇಲೂರಿನಿಂದ ಹುಡುಗಿ ಯಾರೂ ಬಂದಿರಲಿಲ್ಲ. ಆ ಸಂಬಂಧ ನನಗೆ ಬಂದದ್ದು. ವೆಂಕಟರಾಯಪ್ಪನವರು ಕೇಳಿದ್ದು ನನ್ನನ್ನು.

ಈ ವಯಸ್ಸಿನಲ್ಲಿ ಜನ ನಗುತ್ತಾರೆ ಎಂದು ನೀನು ಬರೆದದ್ದು ನನ್ನ ಬಗ್ಗೆ ಎಂದುಕೊಂಡೆ.

ಅಕ್ಕ


ಮುಂಬಯಿ
೨೪ ಮಾರ್ಚ್ ೧೯೬೨

ಅಕ್ಕ,

ನಾನು ಏನು ಮಾಡಿಬಿಟ್ಟೆ. ನಲ್ವತ್ತು ದಾಟುವವರೆಗೆ ನನಗಾಗಿಯೇ ಕಾದವಳು ನೀನು. ನಿನಗೂ ಒಂದು ಸಂಬಂಧ ಬರಬಹುದು ಎಂದು ನನಗೆ ಹೊಳೆಯಲೂ ಇಲ್ಲ. ಕಿವಿಯ ಕಥೆ ಬೇರೆ, ಇದು ಅದಕ್ಕಿಂತ ದೊಡ್ಡ ಕಿವುಡು.

ರಜೆ ಹಾಕಿದ್ದೇನೆ. ಗೌರಿಬಿದನೂರಿಗೆ ನೇರವಾಗಿ ಹೋಗಿ ಅವರ ಕಾಲು ಹಿಡಿಯುತ್ತೇನೆ. ಅವರ ವಿಳಾಸ ಬರೆ. ನೀನು ಏನೂ ಮಾಡಬೇಡ, ಎಲ್ಲವನ್ನೂ ನಾನು ಸರಿಮಾಡುತ್ತೇನೆ.

ಗಂಗುಲಪ್ಪ


ಶಿಡ್ಲಘಟ್ಟ
೨ ಏಪ್ರಿಲ್ ೧೯೬೨

ಗಂಗುಲಪ್ಪ,

ರಜೆ ವಾಪಸು ತೆಗೆದುಕೋ. ನೀನು ಬರಬೇಕಾಗಿಲ್ಲ. ನಾನೇ ಹೋಗಿಬಂದೆ.

ಭಾನುವಾರ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಗೌರಿಬಿದನೂರು ತಲುಪಿದೆ. ರೇಷ್ಮೆಯವರ ಮನೆ ಎಂದರೆ ತೋರಿಸಿದರು. ಬಾಗಿಲಲ್ಲಿ ಒಬ್ಬ ಹೆಂಗಸು ಅಕ್ಕಿ ಆರಿಸುತ್ತ ಕೂತಿದ್ದಳು. ಹೆಸರು ಆದಿಲಕ್ಷ್ಮಮ್ಮ, ಚಿಂತಾಮಣಿಯವಳು. ಕಳೆದ ಕಾರ್ತೀಕದಲ್ಲಿ ಮದುವೆಯಾಯಿತಂತೆ. ನಾನು ಯಾರೆಂದು ಹೇಳಿದಾಗ, ಓ, ಆ ರೈಲು ಎಂಜಿನ್ನಿನವರ ಅಕ್ಕನಾ, ಎಂದು ಒಳಗೆ ಕರೆದು ಕೂರಿಸಿದಳು. ಊಟ ಮಾಡದೆ ಬಿಡಲಿಲ್ಲ. ಒಳ್ಳೆಯವಳು. ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತೇನೋ.

ವೆಂಕಟರಾಯಪ್ಪನವರು ಬಸ್ಸಿನವರೆಗೆ ಬಂದರು. ದಾರಿಯಲ್ಲಿ ನಿನ್ನ ಕಿವಿಯ ವಿಷಯ, ನೀನು ತಪ್ಪು ತಿಳಿದದ್ದು, ನಾನು ತಪ್ಪು ತಿಳಿದದ್ದು ಎಲ್ಲವನ್ನೂ ಹೇಳಿದೆ. ಬಸ್ಸು ಕಾಣಿಸುವವರೆಗೂ ಕೇಳುತ್ತ ನಡೆದರು. ಆಮೇಲೆ ಅಂದರು, "ಅವತ್ತು ನೀವು ತಮ್ಮ ಬೇಡ ಅಂದ ಅಂದ್ರಿ. ನಿಮಗೆ ಬೇಕಾ ಅಂತ ನಾನೂ ಕೇಳ್ಲಿಲ್ಲ."

"ನಂಗೆ ಬೇಕಾಗಿತ್ತು," ಅಂದೆ.

ಇಷ್ಟು ವಯಸ್ಸಿಗೆ ಆ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಆಡಿದರೆ ಏನೂ ಆಗುವುದಿಲ್ಲ, ಗಂಗುಲಪ್ಪ. ಭೂಮಿ ಬಿರಿಯಲಿಲ್ಲ, ಯಾರೂ ನಗಲಿಲ್ಲ. ಅವರು ತಲೆ ತಗ್ಗಿಸಿ ನಿಂತರು. ಬಸ್ಸು ಹೊರಟಿತು.

ನೀನು ಕೊರಗಬೇಡ. ಯೋಚಿಸಿ ನೋಡಿದರೆ, ಒಪ್ಪುವುದನ್ನೂ ಬಿಡುವುದನ್ನೂ ನಿನ್ನ ತಲೆಗೆ ಕಟ್ಟಿ ನಾನು ಹಿಂದೆ ನಿಂತೆ. ನೀನು ಬೇಡ ಅಂದೆ ಎಂದು ಒಂದು ವರ್ಷ ಸಿಟ್ಟು ಮಾಡಿಕೊಂಡೆ, ಯಾಕೆ ಬೇಡ ಎಂದು ಒಂದು ಕಾರ್ಡು ಹಾಕಿ ಕೇಳಲಿಲ್ಲ. ದಿನಕ್ಕೆ ನಾಲ್ಕು ಸಲ ನೆನಪಾಗುತ್ತದೆ, ಇಲ್ಲ ಎಂದು ಸುಳ್ಳು ಬರೆಯುವುದಿಲ್ಲ. ಬರಬರುತ್ತಾ ಎರಡು ಸಲವಾಗಬಹುದು.

ಶಾಲೆಗೆ ಮುಂದಿನ ವಾರ ರಜೆ ಶುರು. ನಾನು ಮುಂಬಯಿಗೆ ಬರುತ್ತೇನೆ. ಬರಲೇ ಎಂದು ಕೇಳುತ್ತಿಲ್ಲ, ಬರುತ್ತೇನೆ ಎಂದು ತಿಳಿಸುತ್ತಿದ್ದೇನೆ. ನೀನು ತಂತಿ ಸುತ್ತುವುದನ್ನು ನೋಡಬೇಕು. ಆ ಲೋಕೋ ಹಡಗುಕಟ್ಟೆಯ ತಿರುವಿನಲ್ಲಿ ಹೋಗುವುದನ್ನು ನೋಡಬೇಕು. ನಲ್ಲಪ್ಪನ ಮನೆಗೆ ಊಟಕ್ಕೆ ಹೋಗೋಣ, ಅಲ್ಲಿ ಎಲ್ಲರೂ ಒಟ್ಟಿಗೆ ಆಡಿದ್ದನ್ನು ನಾನು ಒಂದೊಂದಾಗಿ, ನಿಧಾನವಾಗಿ, ನಿನ್ನ ಮುಖ ನೋಡಿ ಹೇಳುತ್ತೇನೆ. ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನು. ನಗಬೇಡ.

ನಿನ್ನ ಕೋಣೆಯಲ್ಲಿ ಇನ್ನೊಂದು ಚಾಪೆ ಇದೆಯೇ? ಇಲ್ಲದಿದ್ದರೆ ಬರೆ, ಇಲ್ಲಿಂದ ತರುತ್ತೇನೆ.

ಅಕ್ಕ
ಮುನಿಗಂಗಮ್ಮ